ನೂರು ವರ್ಷಗಳ ಯುದ್ಧವೂ ರಾಜಾಧಿಕಾರವೂ



ಯುದ್ಧದ ಚರಿತ್ರೆಯೆಂದೊಡನೆ ಜನರ ಮನಸ್ಸಿಗೆ ಬರುವುದು ರಣರಂಗ. ಯಾರು ಗೆದ್ದರು, ಯಾರು ಸೋತರು, ಯಾವ ಕೋಟೆ ಬಿದ್ದಿತು ಎಂಬುದನ್ನೇ ಎಲ್ಲರೂ ಕೇಳುವರು. ಆದರೆ ಕಾಳಗವು ಮುಗಿದು ಉಳಿದವರು ತಮ್ಮ ತಮ್ಮ ಊರುಗಳಿಗೆ ಮರಳಿದ ತರುವಾಯವೂ ಕೆಲವು ಸಂಗತಿಗಳು ದೇಶದಲ್ಲಿ ನಿಂತುಬಿಡುತ್ತವೆ. ದಂಡಿನ ಸಂಬಳಕ್ಕೆಂದು ಹುಟ್ಟಿದ ತೆರಿಗೆ, ಆ ತೆರಿಗೆಯನ್ನೆತ್ತಲು ನೇಮಕವಾದ ಅಧಿಕಾರಿ, ಆ ಅಧಿಕಾರಿಯ ಬೆನ್ನಿಗೆ ನಿಂತ ರಾಜಾಜ್ಞೆ, ಇವು ಅಂಥವು. ರಣರಂಗದಲ್ಲಿ ಒಂದೆರಡು ಮಳೆಗಾಲಗಳೊಳಗೆ ಹುಲ್ಲು ಬೆಳೆಯುವುದು. ಕಂದಾಯದ ಕಡತವನ್ನು ಕಟ್ಟಿ ಮೇಲಿಡುವ ಕಾಲವು ಮಾತ್ರ ಸುಲಭವಾಗಿ ಬರುವುದಿಲ್ಲ. ಈ ಮಾತಿಗೆ ಯುರೋಪು ಖಂಡದ ಚರಿತ್ರೆಯಲ್ಲಿ ನೂರು ವರ್ಷಗಳ ಯುದ್ಧಕ್ಕಿಂತ ಸ್ಪಷ್ಟವಾದ ನಿದರ್ಶನವು ದೊರೆಯುವುದು ದುರ್ಲಭ. ಇಂಗ್ಲೆಂಡು ಮತ್ತು ಫ್ರಾನ್ಸ್ ದೇಶಗಳ ನಡುವೆ 1337ರಿಂದ 1453ರ ವರೆಗೆ, ನಡುನಡುವೆ ಒಪ್ಪಂದಗಳಿಂದ ನಿಂತು ಮತ್ತೆ ಹೊತ್ತಿಕೊಳ್ಳುತ್ತ, ಈ ಯುದ್ಧವು ನಡೆಯಿತು. ಲೆಕ್ಕಕ್ಕೆ ಅದು ನೂರಹದಿನಾರು ವರ್ಷಗಳು. ಒಂದೇ ಬೆಂಕಿಯಲ್ಲಿ ಬೆಂದ ಈ ಎರಡು ರಾಜ್ಯಗಳು ಎರಡು ಬೇರೆ ಬೇರೆ ರೂಪಗಳನ್ನು ತಾಳಿ ಹೊರಬಂದುದೇ ಇಲ್ಲಿ ವಿಚಾರಿಸತಕ್ಕ ವಿಷಯ.

ಮೊದಲು ಕಲಹದ ಮೂಲವನ್ನು ನೋಡತಕ್ಕದ್ದು. 1066ರಲ್ಲಿ ನಾರ್ಮಂಡಿಯ ಪ್ರಭುವಾದ ವಿಲಿಯಮ್ಮನು ಇಂಗ್ಲೆಂಡನ್ನು ಗೆದ್ದು ಸಿಂಹಾಸನವನ್ನೇರಿದಂದಿನಿಂದ ಇಂಗ್ಲೆಂಡಿನ ದೊರೆಗಳಿಗೆ ಫ್ರಾನ್ಸಿನಲ್ಲಿಯೂ ಸೀಮೆಗಳಿದ್ದುವು. ಕಾಲಕ್ರಮದಲ್ಲಿ ಅವುಗಳಲ್ಲಿ ಬಹುಭಾಗವು ಕೈಬಿಟ್ಟು, ನೈಋತ್ಯದ ಗ್ಯಾಸ್ಕನಿಯು ಮುಖ್ಯವಾಗಿ ಉಳಿಯಿತು. 1259ರ ಪ್ಯಾರಿಸ್ ಒಪ್ಪಂದದಂತೆ ಆ ಸೀಮೆಗಾಗಿ ಇಂಗ್ಲೆಂಡಿನ ದೊರೆಯು ಫ್ರಾನ್ಸಿನ ದೊರೆಗೆ ಸಾಮಂತನಾದನು. ತನ್ನ ನಾಡಿನಲ್ಲಿ ಕಿರೀಟಧಾರಿಯಾದವನು ಮತ್ತೊಬ್ಬ ಕಿರೀಟಧಾರಿಯ ಮುಂದೆ ಮೊಣಕಾಲೂರಬೇಕಾದ ಈ ಸ್ಥಿತಿಯು ಎಷ್ಟು ದಿನ ತಾನೇ ಶಾಂತಿಯಿಂದ ನಡೆದೀತು? 1328ರಲ್ಲಿ ಫ್ರಾನ್ಸಿನ ನಾಲ್ಕನೆಯ ಚಾರ್ಲ್ಸ್ ದೊರೆಯು ಗಂಡುಸಂತಾನವಿಲ್ಲದೆ ತೀರಿಕೊಂಡನು. ಇಂಗ್ಲೆಂಡಿನ ಮೂರನೆಯ ಎಡ್ವರ್ಡನು ಅವನ ಸೋದರಳಿಯ. ವಾಲ್ವಾ ಮನೆತನದ ಫಿಲಿಪ್ಪನು ಅವನ ಚಿಕ್ಕಪ್ಪನ ಮಗ. ಫ್ರಾನ್ಸಿನ ಪ್ರಭುಗಳು ಹೆಣ್ಣಿನ ಮೂಲಕ ಬರುವ ಹಕ್ಕನ್ನು ಒಪ್ಪದೆ ಫಿಲಿಪ್ಪನಿಗೆ ಪಟ್ಟ ಕಟ್ಟಿದರು. 1337ರಲ್ಲಿ ಆ ಆರನೆಯ ಫಿಲಿಪ್ಪನು ಗ್ಯಾಸ್ಕನಿಯು ಸೇರಿದ್ದ ಅಕ್ವಿಟೇನ್ ಸೀಮೆಯನ್ನು ಜಪ್ತಿಮಾಡಿದೆನೆಂದು ಸಾರಲು ಯುದ್ಧವು ಮೊದಲಾಯಿತು. 1340ರಲ್ಲಿ ಎಡ್ವರ್ಡನು ತಾನೇ ಫ್ರಾನ್ಸಿನ ದೊರೆಯೆಂದು ಬಿರುದನ್ನು ಧರಿಸಿದನು. ಆ ಬಿರುದನ್ನು ಇಂಗ್ಲೆಂಡಿನ ದೊರೆಗಳು ಬಿಟ್ಟುದು 1801ರಲ್ಲಿ.

ಯುದ್ಧಾರಂಭದಲ್ಲಿ ರಾಜಾಧಿಕಾರವು ಎಂಥದಾಗಿತ್ತೆಂಬುದನ್ನು ತಿಳಿಯದೆ ಮುಂದಿನ ಪರಿವರ್ತನೆಯು ಮನವರಿಕೆಯಾಗುವುದಿಲ್ಲ. ಅಂದಿನ ನಂಬುಗೆಯಂತೆ ದೊರೆಯು ತನ್ನ ಸ್ವಂತ ಭೂಮಿಯ ಉತ್ಪತ್ತಿ, ನ್ಯಾಯಸ್ಥಾನದ ದಂಡ, ಕೆಲವು ಸುಂಕಗಳು, ಇಷ್ಟರಿಂದಲೇ ತನ್ನ ಸಂಸಾರವನ್ನೂ ರಾಜ್ಯವನ್ನೂ ನಡೆಸಿಕೊಳ್ಳಬೇಕು. ದಂಡು ಬೇಕಾದಾಗ ಭೂಮಿಯನ್ನು ಪಡೆದ ಸಾಮಂತರು ತಮ್ಮ ಆಳುಗಳೊಡನೆ ಬಂದು ಸೇರಬೇಕು. ಅದೂ ವಾಡಿಕೆಯಂತೆ ನಲವತ್ತು ದಿನಗಳು ಮಾತ್ರ. ಪ್ರಜೆಗಳಿಂದ ತೆರಿಗೆಯನ್ನು ಕೇಳುವುದು ಆಪತ್ಕಾಲದ ಮಾತು. ಆಪತ್ತು ತೀರಿದ ಮೇಲೆ ತೆರಿಗೆಯೂ ತೀರಬೇಕು. ಆದರೆ ಸಮುದ್ರವನ್ನು ದಾಟಿ ವರ್ಷಗಟ್ಟಲೆ ನಡೆಯುವ ಕಾಳಗಕ್ಕೆ ನಲವತ್ತು ದಿನಗಳ ದಂಡು ಸಾಲುವುದೆಂತು? ಎಡ್ವರ್ಡನು ನಾಯಕರೊಡನೆ ಕರಾರುಪತ್ರಗಳನ್ನು ಮಾಡಿಕೊಂಡು, ದಿನಸಂಬಳದ ಮೇಲೆ ಬಿಲ್ಲಾಳುಗಳನ್ನೂ ರಾವುತರನ್ನೂ ಕೂಡಿಸಿದನು. ಫ್ಲಾರೆನ್ಸ್ ಪಟ್ಟಣದ ಬಾರ್ಡಿ, ಪೆರುಟ್ಸಿ ಎಂಬ ಸಾಹುಕಾರ ಮನೆತನಗಳಿಂದ ಬಹಳ ಹಣವನ್ನು ಸಾಲ ತಂದನು. ಪೆರುಟ್ಸಿಗಳ ಮಳಿಗೆಯು 1343ರಲ್ಲಿಯೂ ಬಾರ್ಡಿಗಳದು 1346ರಲ್ಲಿಯೂ ದಿವಾಳಿಯಾದುವು. ಎಡ್ವರ್ಡನ ತೀರದ ಸಾಲವು ಅದರ ಕಾರಣಗಳಲ್ಲೊಂದು. ಸಾಲದ ಬಾಗಿಲು ಮುಚ್ಚಲು ದೊರೆಗೆ ಪ್ರಜೆಗಳ ಬಾಗಿಲೊಂದೇ ಉಳಿಯಿತು.

ಇಂಗ್ಲೆಂಡಿನಲ್ಲಿ ಆ ಬಾಗಿಲಿಗೆ ಪಾರ್ಲಿಮೆಂಟೆಂಬ ಅಗುಳಿಯಿದ್ದಿತು. ಜಿಲ್ಲೆಗಳ ನೈಟರೂ ಪಟ್ಟಣಗಳ ಪ್ರತಿನಿಧಿಗಳೂ ಆ ಸಭೆಗೆ ಬರುತ್ತಿದ್ದರು. 1340ರಲ್ಲಿ ಪಾರ್ಲಿಮೆಂಟು ದೊರೆಗೆ ಒಕ್ಕಲುಗಳ ಪೈರಿನ ಒಂಬತ್ತನೆಯ ಸಿವುಡನ್ನೂ ಒಂಬತ್ತನೆಯ ಕುರಿಯ ಉಣ್ಣೆಯನ್ನೂ ಒಂಬತ್ತನೆಯ ಕುರಿಮರಿಯನ್ನೂ ಕೊಡಲೊಪ್ಪಿತು. ಕೊಟ್ಟುದು ದೊಡ್ಡದು, ಅದಕ್ಕೆ ಪ್ರತಿಯಾಗಿ ಪಡೆದುದು ಇನ್ನೂ ದೊಡ್ಡದು. ಪಾರ್ಲಿಮೆಂಟಿನ ಸಮ್ಮತಿಯಿಲ್ಲದೆ ಇನ್ನು ಮುಂದೆ ಇಂಥ ಭಾರವನ್ನು ಹೊರಿಸತಕ್ಕದ್ದಲ್ಲವೆಂದು ದೊರೆಯು ಶಾಸನರೂಪವಾಗಿ ವಚನವನ್ನಿತ್ತನು. ಆ ರಾಜ್ಯದ ಸಂಪತ್ತೆಲ್ಲ ಉಣ್ಣೆಯ ವ್ಯಾಪಾರದಲ್ಲಿದ್ದಿತು. ಒಂದು ಮೂಟೆಗೆ ನಲವತ್ತು ಷಿಲಿಂಗುಗಳ ಪ್ರಕಾರ ಉಣ್ಣೆಯ ಮೇಲೆ ಹಾಕಿದ ಸುಂಕವು ಯುದ್ಧದ ಬೊಕ್ಕಸಕ್ಕೆ ಆಧಾರಸ್ತಂಭವಾಯಿತು. ಅದನ್ನು ವರ್ತಕರೊಡನೆ ಗುಟ್ಟಾಗಿ ಮಾತಾಡಿ ವಿಧಿಸುವ ಹವ್ಯಾಸವು ದೊರೆಗಿದ್ದಿತು. ಆದರೆ ಕಾಲಕ್ರಮದಲ್ಲಿ ಅದಕ್ಕೂ ಕಾಮನ್ಸ್ ಸಭೆಯ ಒಪ್ಪಿಗೆಯು ಅವಶ್ಯವಾಯಿತು.

ಹಣವನ್ನು ಕೊಡುವವನು ಲೆಕ್ಕವನ್ನು ಕೇಳುವುದು ಲೋಕರೂಢಿ. 1376ರ ವೇಳೆಗೆ ಯುದ್ಧವು ಇಂಗ್ಲೆಂಡಿಗೆ ಪ್ರತಿಕೂಲವಾಗಿ ತಿರುಗಿದ್ದಿತು. ದೊರೆಯು ಮುದಿಯಾಗಿದ್ದನು, ಆಸ್ಥಾನದವರು ಬೊಕ್ಕಸದ ಹಣದಲ್ಲಿ ತಮ್ಮ ಜೇಬನ್ನು ತುಂಬಿಕೊಳ್ಳುತ್ತಿದ್ದರೆಂಬ ಗೊಣಗುಟ್ಟುವಿಕೆಯು ಎಲ್ಲೆಲ್ಲಿಯೂ ಕೇಳಿಬರುತ್ತಿದ್ದಿತು. ಆ ವರ್ಷ ಸೇರಿದ ಪಾರ್ಲಿಮೆಂಟಿಗೆ ಒಳ್ಳೆಯ ಪಾರ್ಲಿಮೆಂಟೆಂಬ ಹೆಸರು ನಿಂತಿದೆ. ಕಾಮನ್ಸಿನವರು ಪೀಟರ್ ಡಿ ಲಾ ಮೇರ್ ಎಂಬ ನೈಟನನ್ನು ತಮ್ಮ ಪರವಾಗಿ ಮಾತಾಡಲು ನಿಲ್ಲಿಸಿಕೊಂಡು, ಲಾರ್ಡ್ ಲ್ಯಾಟಿಮರ್, ವರ್ತಕ ರಿಚರ್ಡ್ ಲೈಯನ್ಸ್ ಮೊದಲಾದವರ ಮೇಲೆ ಲಾರ್ಡ್ಸ್ ಸಭೆಯ ಮುಂದೆ ದೋಷಾರೋಪಣೆ ಮಾಡಿದರು. ದೊರೆಯ ಸೇವಕನು ದೊರೆಗೆ ಮಾತ್ರವೇ ಉತ್ತರವಾದಿಯಲ್ಲ, ರಾಜ್ಯಕ್ಕೂ ಉತ್ತರವಾದಿ ಎಂಬ ತತ್ತ್ವವು ಅಂದು ಬೇರೂರಿತು. ಮರುವರ್ಷದಲ್ಲಿಯೇ ಆಸ್ಥಾನದವರು ಆ ತೀರ್ಮಾನಗಳನ್ನು ಬುಡಮೇಲು ಮಾಡಿದರೂ ದಾರಿಯು ಬಿದ್ದುದು ಬಿದ್ದಿತು. 1377ರಲ್ಲಿ ಥಾಮಸ್ ಹಂಗರ್‌ಫರ್ಡನು ಸ್ಪೀಕರ್ ಎಂಬ ಹೆಸರಿನಿಂದಲೇ ಕರೆಯಲ್ಪಟ್ಟನು. 1407ರಲ್ಲಿ ನಾಲ್ಕನೆಯ ಹೆನ್ರಿಯು, ಹಣದ ಮಂಜೂರಾತಿಯು ಕಾಮನ್ಸಿನವರಿಂದ ಹೊರಟು ಲಾರ್ಡುಗಳ ಸಮ್ಮತಿಯನ್ನು ಪಡೆಯತಕ್ಕದ್ದೆಂಬ ಕ್ರಮವನ್ನು ಒಪ್ಪಿದನು. ಶತ್ರುವಿನ ಭಾಷೆಯೆಂಬ ಭಾವನೆಯೂ ಬಲಿತಿದ್ದ ಆ ಕಾಲದಲ್ಲಿ, 1362ರಲ್ಲಿ, ನ್ಯಾಯಸ್ಥಾನಗಳ ವಾದವು ಇಂಗ್ಲಿಷಿನಲ್ಲಿ ನಡೆಯಬೇಕೆಂದು ಶಾಸನವಾಯಿತು. ಪ್ರಜೆಗಳಿಗೆ ಫ್ರೆಂಚು ತಿಳಿಯದೆಂಬುದೇ ಶಾಸನವು ಕೊಟ್ಟ ಕಾರಣ. ವಿನೋದವೇನೆಂದರೆ ಆ ಶಾಸನವೇ ಫ್ರೆಂಚಿನಲ್ಲಿ ಬರೆಯಲ್ಪಟ್ಟಿತ್ತು.

ಆದರೆ ಪಾರ್ಲಿಮೆಂಟನ್ನು ಸಕಲ ಪ್ರಜೆಗಳ ಸಭೆಯೆಂದು ತಿಳಿದರೆ ತಪ್ಪಾದೀತು. ಅಲ್ಲಿ ಕುಳಿತವರು ಜಮೀನುದಾರರೂ ವರ್ತಕರೂ. 1348ರಲ್ಲಿ ಬಂದ ಮಹಾಮಾರಿಯಿಂದ ಊರೂರೇ ಬರಿದಾಗಿ, ಉಳಿದ ಕೂಲಿಯವನಿಗೆ ಬೆಲೆಯೇರಿದಾಗ, ಕೂಲಿಯನ್ನು ಹೆಚ್ಚಿಸಕೂಡದೆಂದು ಕಟ್ಟುಮಾಡಿದವರೂ ಇವರೇ. 1377, 1379, 1380 ಈ ಮೂರು ಸಲ ತಲೆಗಂದಾಯವನ್ನು ಒಪ್ಪಿಕೊಟ್ಟವರೂ ಇವರೇ. ಕಡೆಯ ಕಂದಾಯವು ಬಡವನ ಬೆನ್ನುಮೂಳೆಯನ್ನೇ ಮುಟ್ಟಿತು. 1381ರಲ್ಲಿ ರೈತರು ದಂಗೆಯೆದ್ದು ವಾಟ್ ಟೈಲರನ ನಾಯಕತ್ವದಲ್ಲಿ ಲಂಡನ್ನನ್ನು ಹೊಕ್ಕರು. ಬಾಲನಾಗಿದ್ದ ಎರಡನೆಯ ರಿಚರ್ಡ್ ದೊರೆಯು ಅವರಿಗೆ ಅಭಯವನ್ನಿತ್ತು, ಟೈಲರನು ಹತನಾದ ತರುವಾಯ ಆ ಅಭಯವನ್ನು ಹಿಂದಕ್ಕೆ ತೆಗೆದುಕೊಂಡನು. ಆದರೂ ತಲೆಗಂದಾಯವನ್ನು ಆ ಬಗೆಯಲ್ಲಿ ಹೇರುವ ಧೈರ್ಯವು ಮುಂದೆ ಬಹುಕಾಲ ಯಾರಿಗೂ ಬರಲಿಲ್ಲ. ಸಭೆಯಲ್ಲಿ ಸ್ಥಾನವಿಲ್ಲದವರು ತಮ್ಮ ಅಸಮ್ಮತಿಯನ್ನು ಬೀದಿಯಲ್ಲಿ ತಿಳಿಸಿದರು.

ಇನ್ನು ಫ್ರಾನ್ಸಿನ ಕಡೆಗೆ ನೋಡಿದರೆ ಅಲ್ಲಿಯ ಕಥೆಯು ಬೇರೆ. ಯುದ್ಧವು ನಡೆದುದೆಲ್ಲ ಆ ನೆಲದ ಮೇಲೆ. 1346ರಲ್ಲಿ ಕ್ರೆಸಿಯಲ್ಲಿ ಸೋಲು. 1347ರಲ್ಲಿ ಕ್ಯಾಲೆ ಬಂದರಿನ ನಷ್ಟ. 1356ರಲ್ಲಿ ಪ್ವಾತ್ಯೆಯಲ್ಲಿ ಜಾನ್ ದೊರೆಯೇ ಶತ್ರುವಿಗೆ ಸೆರೆಸಿಕ್ಕಿದನು. ಅಲ್ಲಿಯೂ ಧರ್ಮಾಧಿಕಾರಿಗಳು, ಪ್ರಭುಗಳು, ಪಟ್ಟಣಿಗರು ಎಂಬ ಮೂರು ವರ್ಗಗಳ ಮಹಾಸಭೆಯು ಇದ್ದಿತು. 1355ರಲ್ಲಿ ಆ ಸಭೆಯು ಮೂವತ್ತು ಸಾವಿರ ಯೋಧರ ವೆಚ್ಚವನ್ನು ಒಪ್ಪಿ, ಹಣವನ್ನು ಎತ್ತುವವರೂ ವೆಚ್ಚಮಾಡುವವರೂ ತಾನು ಆರಿಸಿದವರೇ ಆಗಿರಬೇಕೆಂದು ವಿಧಿಸಿತು. ದೊರೆಯು ಸೆರೆಯಲ್ಲಿದ್ದಾಗ ಪ್ಯಾರಿಸ್ ವರ್ತಕರ ಮುಖಂಡನಾದ ಎತ್ಯೆನ್ ಮಾರ್ಸೆಲನು ರಾಜ್ಯಾಡಳಿತವನ್ನೇ ಸಭೆಯ ಅಂಕೆಗೆ ತರಲು ಯತ್ನಿಸಿದನು. ಆದರೆ 1358ರಲ್ಲಿ ಅವನ ಕಡೆಯವರು ಯುವರಾಜನ ಕಣ್ಣೆದುರಿನಲ್ಲಿಯೇ ಇಬ್ಬರು ದಂಡನಾಯಕರನ್ನು ಕೊಂದರು. ಅದೇ ಬೇಸಗೆಯಲ್ಲಿ ಉತ್ತರದ ಹಳ್ಳಿಗರು ಪ್ರಭುಗಳ ಮೇಲೆ ತಿರುಗಿಬಿದ್ದು ಘೋರವಾಗಿ ಸದೆಬಡಿಯಲ್ಪಟ್ಟರು. ಜುಲೈ 31ರಂದು ಮಾರ್ಸೆಲನೂ ಪ್ಯಾರಿಸಿನಲ್ಲಿಯೇ ಹತನಾದನು. ಸಭೆಯ ಹೆಸರು ರಕ್ತದಿಂದ ಕಳಂಕಿತವಾಗಲು, ಜನರು ಯುವರಾಜನ ಕಡೆಗೆ ತಿರುಗಿದರು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸತಕ್ಕದ್ದು. ದೊರೆಯು ಸೆರೆಯಾದುದೇ ರಾಜಾಧಿಕಾರದ ವೃದ್ಧಿಗೆ ಸಾಧನವಾಯಿತು. ಹೇಗೆಂದರೆ, ಒಡೆಯನು ಸೆರೆಸಿಕ್ಕಿದರೆ ಅವನ ಬಿಡುಗಡೆಯ ಹಣವನ್ನು ಸಾಮಂತರೂ ಒಕ್ಕಲುಗಳೂ ಕೊಡಬೇಕೆಂಬುದು ಹಳೆಯ ಕಟ್ಟಳೆ. ಅದಕ್ಕೆ ಸಭೆಯ ಸಮ್ಮತಿಯು ಬೇಕಿಲ್ಲ. 1360ರ ಒಪ್ಪಂದದಲ್ಲಿ ಬಿಡುಗಡೆಯ ಹಣವು ಮೂವತ್ತು ಲಕ್ಷ ಚಿನ್ನದ ಎಕ್ಯೂ ನಾಣ್ಯಗಳೆಂದು ಗೊತ್ತಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಮಾರಾಟದ ಸರಕಿನ ಮೇಲೆ ಇಪ್ಪತ್ತರಲ್ಲೊಂದು ಭಾಗ, ದ್ರಾಕ್ಷಾಮದ್ಯದ ಮೇಲೆ ಹದಿಮೂರರಲ್ಲೊಂದು, ಉಪ್ಪಿನ ಮೇಲೆ ಐದರಲ್ಲೊಂದು, ಹೀಗೆ ತೆರಿಗೆಗಳು ವಿಧಿಸಲ್ಪಟ್ಟುವು. ಫ್ರಾಂಕ್ ಎಂಬ ನಾಣ್ಯವು ಹುಟ್ಟಿದುದೂ ಆಗಲೇ. ಒತ್ತೆಯಾಗಿದ್ದ ಮಗನು ಮಾತಿಗೆ ತಪ್ಪಿ ಹೊರಟುಹೋದನೆಂದು ಜಾನ್ ದೊರೆಯು ತಾನಾಗಿಯೇ ಲಂಡನ್ನಿಗೆ ಮರಳಿ 1364ರಲ್ಲಿ ಅಲ್ಲಿಯೇ ತೀರಿಕೊಂಡನು. ದೊರೆಯು ಹೋದನು, ತೆರಿಗೆಗಳು ಹೋಗಲಿಲ್ಲ. 1363ರಲ್ಲಿ ಒಲೆಯೊಂದಕ್ಕೆ ಇಷ್ಟೆಂಬ ಒಲೆಗಂದಾಯವೂ ಅದಕ್ಕೆ ಕೂಡಿತ್ತು. ಈ ಹಣದಿಂದಲೇ ಐದನೆಯ ಚಾರ್ಲ್ಸನು ತನ್ನ ದಂಡನಾಯಕನಾದ ಬೆರ್ತ್ರಾನ್ ದ್ಯು ಗೆಕ್ಲೇನನ ಮೂಲಕ ಕಳೆದುಹೋದ ಸೀಮೆಗಳಲ್ಲಿ ಬಹುಭಾಗವನ್ನು ಮರಳಿ ಪಡೆದನು. ಅವನು 1380ರಲ್ಲಿ ಮರಣಶಯ್ಯೆಯಲ್ಲಿದ್ದಾಗ ಒಲೆಗಂದಾಯವನ್ನು ರದ್ದುಮಾಡಿದನು. ರಾಜ್ಯದ ಅವಶ್ಯಕತೆಗೂ ಬಡವನ ಒಲೆಗೂ ನಡುವೆ ಆ ದೊರೆಯ ಅಂತಃಕರಣವು ಎಷ್ಟು ತೊಳಲಿತ್ತೆಂಬುದಕ್ಕೆ ಇದೇ ಸಾಕ್ಷಿ. ಆದರೆ ಅವನ ತಮ್ಮಂದಿರು ಎರಡು ವರ್ಷಗಳೊಳಗಾಗಿ ಬೇರೆ ತೆರಿಗೆಗಳನ್ನು ಮತ್ತೆ ಹೇರಿದರು. 1382ರಲ್ಲಿ ಪ್ಯಾರಿಸಿನ ಜನರು ಸೀಸದ ಕೊಡತಿಗಳನ್ನು ಹಿಡಿದು ದಂಗೆಯೆದ್ದರು.

ಬಳಿಕ ಬಂದುದು ಕತ್ತಲೆಯ ಕಾಲ. ಆರನೆಯ ಚಾರ್ಲ್ಸನಿಗೆ 1392ರಲ್ಲಿ ಚಿತ್ತಭ್ರಮೆಯು ತಗಲಿತು. ರಾಜಬಂಧುಗಳು ಬೊಕ್ಕಸಕ್ಕಾಗಿ ಕಾದಾಡಿದರು. 1407ರಲ್ಲಿ ಓರ್ಲಿಯನ್ಸಿನ ಪ್ರಭುವು, 1419ರಲ್ಲಿ ಬರ್ಗಂಡಿಯ ಪ್ರಭುವು, ಇಬ್ಬರೂ ಕೊಲೆಯಾದರು. ಇವುಗಳ ನಡುವೆ 1415ರಲ್ಲಿ ಇಂಗ್ಲೆಂಡಿನ ಐದನೆಯ ಹೆನ್ರಿಯು ಅಜಿನ್‌ಕೋರ್ಟಿನಲ್ಲಿ ಜಯಶಾಲಿಯಾದನು. 1420ರ ತ್ರ್ವಾ ಒಪ್ಪಂದದಂತೆ ಅವನೇ ಫ್ರಾನ್ಸಿನ ಉತ್ತರಾಧಿಕಾರಿಯೆನಿಸಿದನು. ಆದರೆ 1422ರಲ್ಲಿ ಅವನೂ ಚಾರ್ಲ್ಸ್ ದೊರೆಯೂ ಎರಡು ತಿಂಗಳ ಅಂತರದಲ್ಲಿ ಮಡಿದರು. ಒಂದು ಕಡೆ ವರ್ಷ ತುಂಬದ ಕೂಸು ಆರನೆಯ ಹೆನ್ರಿ. ಇನ್ನೊಂದು ಕಡೆ ತಂದೆಯಿಂದಲೇ ನಿರಾಕೃತನಾದ ಏಳನೆಯ ಚಾರ್ಲ್ಸ್. ಇಂಥ ಸಮಯದಲ್ಲಿ ರೈತನ ಮಗಳಾದ ಜೋನಳು 1429ರಲ್ಲಿ ಓರ್ಲಿಯನ್ಸಿನ ಮುತ್ತಿಗೆಯನ್ನು ಬಿಡಿಸಿ, ಜುಲೈ 17ರಂದು ರೈಮ್ಸಿನಲ್ಲಿ ಚಾರ್ಲ್ಸನಿಗೆ ಪಟ್ಟಾಭಿಷೇಕವನ್ನು ಮಾಡಿಸಿದಳು. 1431ರ ಮೇ 30ರಂದು ರೂಆನಿನಲ್ಲಿ ಅವಳನ್ನು ಜೀವಸಹಿತ ಸುಟ್ಟರು. ಸಿಂಹಾಸನಕ್ಕೆ ಪ್ರಭುಗಳ ಬೆಂಬಲವು ಕುಸಿದಿದ್ದಾಗ ಅದಕ್ಕೆ ಆಸರೆಯಾದುದು ಒಕ್ಕಲುಮಗಳ ವಿಶ್ವಾಸ. ದೊರೆಯೆಂದರೆ ದೇಶದ ದೊರೆ, ಮನೆತನದ ಯಜಮಾನನಷ್ಟೇ ಅಲ್ಲ ಎಂಬ ಭಾವನೆಯು ಇಂಥ ವಿಶ್ವಾಸದಿಂದಲೇ ಬಲಿಯಿತು.

ಆದರೆ ಆ ಒಕ್ಕಲುಗಳ ಪಾಡೇನು? ಸಂಬಳವಿಲ್ಲದ ಸಿಪಾಯರ ತಂಡಗಳು, ಯಾವ ಪಕ್ಷಕ್ಕೆ ಸೇರಿದವರೇ ಆಗಲಿ, ಹಳ್ಳಿಗಳನ್ನು ಸುಲಿಯುತ್ತಿದ್ದುವು. ಜನರು ಅವರಿಗೆ ಚರ್ಮ ಸುಲಿಯುವವರೆಂದೇ ಹೆಸರಿಟ್ಟಿದ್ದರು. ಬೇಲಿಯೇ ಎದ್ದು ಹೊಲವನ್ನು ಮೇಯ್ದಂತಾಗಿತ್ತು. ಈ ಬೇಲಿಯನ್ನು ಸರಿಪಡಿಸುವುದಕ್ಕಾಗಿ ಏಳನೆಯ ಚಾರ್ಲ್ಸನು ಕೈಗೊಂಡ ಕ್ರಮಗಳೇ ಫ್ರಾನ್ಸಿನ ರಾಜ್ಯಾಡಳಿತವನ್ನು ಮಾರ್ಪಡಿಸಿದುವು. 1439ರ ನವೆಂಬರಿನ ಆಜ್ಞೆಯಲ್ಲಿ, ದೊರೆಯ ಅಪ್ಪಣೆಯಿಲ್ಲದೆ ಯಾರೂ ದಂಡನ್ನು ಕೂಡಿಸಕೂಡದು, ಪ್ರಭುಗಳು ತಮ್ಮ ಒಕ್ಕಲುಗಳ ಮೇಲೆ ತಮ್ಮಿಚ್ಛೆಯಂತೆ ತಾಯ್ ಎಂಬ ಕಂದಾಯವನ್ನು ಹೇರಕೂಡದು ಎಂದು ವಿಧಿಸಲ್ಪಟ್ಟಿತು. ಮರುವರ್ಷವೇ ಪ್ರಭುಗಳು, ದೊರೆಯ ಮಗನನ್ನೂ ಕೂಡಿಕೊಂಡು, ದಂಗೆಯೆದ್ದು ಸೋತರು. 1445ರಲ್ಲಿ ಅಲೆಮಾರಿ ಸಿಪಾಯರಲ್ಲಿ ಯೋಗ್ಯರನ್ನು ಆರಿಸಿ, ತಲಾ ನೂರು ಭರ್ಜಿಗಳ ಹದಿನೈದು ತಂಡಗಳನ್ನು ಕಟ್ಟಿದರು. ಒಂದು ಭರ್ಜಿಯೆಂದರೆ ಒಬ್ಬ ರಾವುತ, ಇಬ್ಬರು ಬಿಲ್ಲಾಳುಗಳು, ಪರಿವಾರದವರು ಸೇರಿ ಆರು ಜನ. ಇವರಿಗೆ ಊರುಗಳಲ್ಲಿ ಬಿಡಾರ, ಗೊತ್ತಾದ ಸಂಬಳ, ತಪ್ಪಿಗೆ ಶಿಕ್ಷೆ. 1448ರಲ್ಲಿ ಗ್ರಾಮಗಳಿಂದ ಒಬ್ಬೊಬ್ಬ ಬಿಲ್ಲಾಳನ್ನು ಆರಿಸಿ ಅವನಿಗೆ ತಾಯ್ ಕಂದಾಯವನ್ನು ಬಿಟ್ಟುಕೊಟ್ಟರು. ಬ್ಯೂರೋ ಸಹೋದರರು ಫಿರಂಗಿಗಳನ್ನು ಕ್ರಮಪಡಿಸಿದರು. 1450ರೊಳಗೆ ನಾರ್ಮಂಡಿಯು ಕೈಸೇರಿತು. 1453ರ ಜುಲೈ 17ರಂದು ಕಾಸ್ತಿಯೋನಿನಲ್ಲಿ ಇಂಗ್ಲಿಷರ ನಾಯಕ ಟಾಲ್ಬಟ್ಟನು ಮಡಿದನು. ಅಕ್ಟೋಬರಿನಲ್ಲಿ ಬೋರ್ಡೋ ಪಟ್ಟಣವು ಶರಣಾಯಿತು. ಇಂಗ್ಲೆಂಡಿಗೆ ಉಳಿದುದು ಕ್ಯಾಲೆಯೊಂದೇ. ಅದೂ 1558ರಲ್ಲಿ ಹೋಯಿತು.

ಇದರ ಸಂಗಡಲೇ ನ್ಯಾಯವೂ ದೊರೆಯ ಕೈಯಲ್ಲಿ ಕ್ರಮಗೊಂಡಿತು. 1443ರಲ್ಲಿ ದಕ್ಷಿಣದವರಿಗಾಗಿ ತುಲೂಸಿನಲ್ಲಿ ಉಚ್ಚ ನ್ಯಾಯಸ್ಥಾನವು ನೆಲೆಗೊಂಡಿತು. 1454ರಲ್ಲಿ ಪ್ರಾಂತ ಪ್ರಾಂತಗಳ ಬಾಯಿಮಾತಿನ ಕಟ್ಟಳೆಗಳನ್ನೆಲ್ಲ ಬರವಣಿಗೆಗೆ ಇಳಿಸಬೇಕೆಂದು ಆಜ್ಞೆಯಾಯಿತು. ಹಳ್ಳಿಗಳಲ್ಲಿ ಮತ್ತೆ ನೇಗಿಲು ಹೂಡಿತು. ಜನರು ದೊರೆಯನ್ನು ಹರಸಿದರು. ಹರಸಿದುದು ನ್ಯಾಯವೂ ಆಗಿತ್ತು.

ಆದರೆ ಈ ಶಾಂತಿಯ ಬೆಲೆಯೇನು? ತಾಯ್ ಕಂದಾಯವು ಯುದ್ಧಕ್ಕಾಗಿ ಬಂದುದು. ಯುದ್ಧವು ನಿಂತ ಮೇಲೆಯೂ ದಂಡಿಗಾಗಿ ವರ್ಷವರ್ಷವೂ ಎತ್ತಲ್ಪಟ್ಟಿತು. ಮಹಾಸಭೆಯನ್ನು ಕೇಳುವ ಪದ್ಧತಿಯು ತಪ್ಪಿಹೋಯಿತು. ದೂರದ ಪ್ರಯಾಣ, ದಾರಿಯ ಕಳ್ಳರ ಭಯ, ವೆಚ್ಚ, ಇವುಗಳಿಂದ ಬೇಸತ್ತ ಪ್ರತಿನಿಧಿಗಳು ಕೂಡ ಸಭೆಯನ್ನು ಅಷ್ಟಾಗಿ ಬಯಸಲಿಲ್ಲ. ಪ್ರಭುಗಳು ಏಕೆ ಸುಮ್ಮನಿದ್ದರು? ತಾವು ಖಡ್ಗದಿಂದ ಸೇವೆ ಸಲ್ಲಿಸುವವರೆಂಬ ಕಾರಣದಿಂದ ಅವರು ಆ ಕಂದಾಯದಿಂದ ವಿಮುಕ್ತರಾಗಿದ್ದರು. ತಮ್ಮ ಕಣಜವು ಸುರಕ್ಷಿತವಾಗಿರಲು ನೆರೆಯವನ ಕಣಜದ ಚಿಂತೆಯು ಅವರಿಗುಂಟಾಗಲಿಲ್ಲ. ಇಂಗ್ಲೆಂಡಿನ ನ್ಯಾಯಾಧೀಶನಾದ ಸರ್ ಜಾನ್ ಫಾರ್ಟೆಸ್ಕ್ಯೂ ಎಂಬವನು ಆ ಶತಮಾನದಲ್ಲಿಯೇ ಇದನ್ನು ಕಂಡುಕೊಂಡು ಬರೆದಿದ್ದಾನೆ. ಇಂಗ್ಲಿಷರ ದಾಳಿಯ ದೆಸೆಯಿಂದ ಮೂರು ವರ್ಗಗಳು ಸಭೆ ಸೇರಲಾರದೆ ಹೋದಾಗ, ಫ್ರಾನ್ಸಿನ ದೊರೆಯು ಅನಿವಾರ್ಯತೆಯಿಂದ ಸಮ್ಮತಿಯಿಲ್ಲದೆಯೇ ಕಂದಾಯ ವಿಧಿಸಲಾರಂಭಿಸಿದನೆಂದೂ, ಅಲ್ಲಿಯ ರೈತನು ನೀರು ಕುಡಿದು, ಕಂದುಬಣ್ಣದ ಒರಟು ರೊಟ್ಟಿಯನ್ನು ತಿಂದು ಬದುಕುವನೆಂದೂ ಅವನು ಹೇಳುತ್ತಾನೆ. ಅವನದು ಶತ್ರುಪಕ್ಷದ ಮಾತೆಂಬುದನ್ನು ಮರೆಯಕೂಡದು; ಆದರೂ ಕಾರಣವನ್ನು ಅವನು ಸರಿಯಾಗಿಯೇ ಗುರುತಿಸಿದನು.

ಇಂಗ್ಲೆಂಡಿಗೂ ಸೋಲಿನ ಫಲವು ತಪ್ಪಲಿಲ್ಲ. 1450ರ ವೇಳೆಗೆ ದೊರೆಯ ಸಾಲವು 3,72,000 ಪೌಂಡುಗಳಿಗೆ ಏರಿತ್ತು. ಆ ವರ್ಷ ಜ್ಯಾಕ್ ಕೇಡನ ದಂಗೆಯು ಲಂಡನ್ನನ್ನು ನಡುಗಿಸಿತು. 1455ರಿಂದ ರಾಜಮನೆತನದ ಎರಡು ಶಾಖೆಗಳು ಮೂವತ್ತು ವರ್ಷಗಳ ಕಾಲ ಪರಸ್ಪರ ಕಾದಾಡಿದುವು. ಹೀಗೆ ಗೆದ್ದ ರಾಜ್ಯವು ಬಲಗೊಂಡಿತು, ಸೋತ ರಾಜ್ಯವು ಕುಗ್ಗಿತು ಎಂದು ಆಗ ಯಾರಾದರೂ ಹೇಳುತ್ತಿದ್ದರು. ಆದರೆ ಕಾಲಪುರುಷನ ತಕ್ಕಡಿಯು ನಿಧಾನವಾದುದು. ಯುದ್ಧಕಾಲದಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಹಿಡಿದ ಥೈಲಿಯ ದಾರವು ಅದರ ಕೈಯಲ್ಲಿಯೇ ಉಳಿಯಿತು. 1628ರಲ್ಲಿ ಮೊದಲನೆಯ ಚಾರ್ಲ್ಸನೆದುರು ಹಕ್ಕನ್ನು ಬೇಡಿದವರು ಆ ಹಳೆಯ ಶಾಸನಗಳನ್ನೇ ಮುಂದಿಟ್ಟರು. ಪಾರ್ಲಿಮೆಂಟಿನ ಒಪ್ಪಿಗೆಯಿಲ್ಲದೆ ತೆರಿಗೆಯೂ ಇಲ್ಲ, ಶಾಂತಿಕಾಲದಲ್ಲಿ ನಿಂತ ದಂಡೂ ಇಲ್ಲ ಎಂಬುದು 1689ರಲ್ಲಿ ಸ್ಥಿರವಾಯಿತು. ಫ್ರಾನ್ಸಿನಲ್ಲಾದರೋ ಮಹಾಸಭೆಯು 1614ರಲ್ಲಿ ಸೇರಿದ ಬಳಿಕ ಮತ್ತೆ ಸೇರಿದುದು 1789ರಲ್ಲಿ. ಬರಿದಾದ ಬೊಕ್ಕಸವನ್ನು ತುಂಬುವುದಕ್ಕಾಗಿ ಅದನ್ನು ಕರೆದರು. ತೆರಿಗೆಯಿಲ್ಲದ ಪ್ರಭುಗಳಿಗೂ ತೆರಿಗೆಯಿಂದ ನವೆದ ಪ್ರಜೆಗಳಿಗೂ ನಡುವೆ ಬೆಳೆದಿದ್ದ ಬಿರುಕಿನಲ್ಲಿ ಸಿಂಹಾಸನವೇ ಉರುಳಿತು. ಮೂರೂವರೆ ಶತಮಾನಗಳ ಹಿಂದೆ ಸೌಕರ್ಯಕ್ಕಾಗಿ ಮಾಡಿದ ಏರ್ಪಾಡಿನ ಬಡ್ಡಿಯು ಹಾಗೆ ತೀರಿತು.

ಈ ಸಂಗತಿಯು ಭಾರತೀಯರಿಗೆ ಕೇವಲ ದೂರದ ಕಥೆಯಲ್ಲ. 1950ರ ಜನವರಿ 26ರಂದು ಜಾರಿಗೆ ಬಂದ ಭಾರತದ ಸಂವಿಧಾನದ 265ನೆಯ ಅನುಚ್ಛೇದವು, ಶಾಸನದ ಆಧಾರವಿಲ್ಲದೆ ಯಾವ ತೆರಿಗೆಯನ್ನೂ ವಿಧಿಸಕೂಡದು, ವಸೂಲು ಮಾಡಕೂಡದು ಎಂದು ಹೇಳುತ್ತದೆ. ಹಣದ ಮಸೂದೆಯು ಪ್ರಜೆಗಳು ನೇರವಾಗಿ ಆರಿಸಿದ ಲೋಕಸಭೆಯಲ್ಲಿಯೇ ಹುಟ್ಟಬೇಕೆಂಬ ನಿಯಮವೂ ಅದರಲ್ಲಿದೆ. 1407ರಲ್ಲಿ ಇಂಗ್ಲೆಂಡಿನ ಕಾಮನ್ಸ್ ಸಭೆಯು ಪಡೆದ ಪದ್ಧತಿಯ ವಂಶದ್ದೇ ಇದು. ಅಂದು ಸಭೆಯ ಹೊರಗೆ ನಿಂತಿದ್ದ ಕೂಲಿಯವನಿಗೂ ಹೆಂಗಸಿಗೂ ಇಂದು ಮತವುಂಟು ಎಂಬುದೇ ಅಂದಿಗೂ ಇಂದಿಗೂ ಇರುವ ಮಹಾಂತರ.

ನೂರು ವರ್ಷಗಳ ಯುದ್ಧವು ಕಲಿಸುವ ಪಾಠವಿಷ್ಟು. ಆಪತ್ತಿನಲ್ಲಿರುವ ಜನಕ್ಕೆ ರಕ್ಷಕನು ಬೇಕು. ರಕ್ಷಕನಿಗೆ ಬಲವೂ ಹಣವೂ ಬೇಕು. ಇದನ್ನು ಅಲ್ಲಗಳೆಯುವವನು ಸುಟ್ಟುಹೋದ ಹಳ್ಳಿಯನ್ನು ಕಂಡವನಲ್ಲ. ಆದರೆ ಭಯದ ಹೊತ್ತಿನಲ್ಲಿ ಕೊಟ್ಟ ಅಧಿಕಾರವನ್ನು ಅಭಯದ ಹೊತ್ತಿನಲ್ಲಿ ಲೆಕ್ಕ ಕೇಳುವ ಕ್ರಮವು ದೇಶದಲ್ಲಿ ಉಳಿಯಬೇಕು. ಆ ಲೆಕ್ಕವನ್ನು ಕೇಳುವವರಲ್ಲಿ ತೆರಿಗೆಯ ಭಾರವನ್ನು ಹೊತ್ತವರೂ ಇರಬೇಕು. ಭಾರವನ್ನು ಒಬ್ಬರ ಮೇಲೆ ಹೊರಿಸಿ ಸಮ್ಮತಿಯನ್ನು ಮತ್ತೊಬ್ಬರಿಂದ ಪಡೆದ ರಾಜ್ಯವು ಎಷ್ಟು ಭದ್ರವಾಗಿ ಕಂಡರೂ ಅದರ ಅಡಿಗಲ್ಲು ಸಡಿಲವೇ. ಬೇಲಿಯು ಗಟ್ಟಿಯಾಗಿರಲಿ, ಅದನ್ನು ನೋಡಿಕೊಳ್ಳುವ ಕಣ್ಣು ಹೊಲದ ಒಡೆಯನದಾಗಿರಲಿ.